ಫೋರ್‌ಕ್ಲೋಜರ್ ಮುಚ್ಚುವಾಗ ನಾವು ಎತ್ತಿಟ್ಟುಕೊಂಡದ್ದು

2021ರ ಮಳೆಗಾಲದಲ್ಲಿ ಫೋರ್‌ಕ್ಲೋಜರ್ (4Clojure) ಎಂಬ, ಕ್ಲೋಜರ್ ಭಾಷೆಯ ಪ್ರಶ್ನೆ ಬಿಡಿಸುತ್ತ ಕಲಿಯುವ ತಾಣವನ್ನು ನಿಲ್ಲಿಸುತ್ತಾರಂತೆ ಎಂದು ಸುದ್ದಿ ಬಂದಾಗ ನಮ್ಮ ವಾಟ್ಸಾಪ್ ಗುಂಪಿನಲ್ಲಿ ಯಾರೂ ಆ ತಾಣಕ್ಕಾಗಿ ಮರುಗಲಿಲ್ಲ. "ಅಯ್ಯೋ, ನನ್ನ ಉತ್ತರಗಳು!" ಎಂದು ಒಬ್ಬ ಬರೆದ. "ನನ್ನವೂ ಅಲ್ಲೇ ಇವೆ" ಎಂದಳು ಇನ್ನೊಬ್ಬಳು. ಅವರವರ ಗಂಟಿನ ಚಿಂತೆ ಅವರವರಿಗೆ. ಹಾಗೆ ಶುರುವಾದದ್ದು ಕೊನೆಗೆ ಉತ್ತರಗಳನ್ನು ಬಿಟ್ಟು ಪ್ರಶ್ನೆಗಳ ಬೆನ್ನು ಹತ್ತಿದ್ದು ಹೇಗೆ ಎಂದು ಬರೆದಿಡುತ್ತಿದ್ದೇನೆ. ಇಂಥ ತಾಣಗಳು ಮುಚ್ಚುತ್ತಲೇ ಇರುತ್ತವೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು.

ಗೊತ್ತಿಲ್ಲದವರಿಗೆ ಎರಡು ಮಾತು. ಕ್ಲೋಜರ್ ಎನ್ನುವುದು ರಿಚ್ ಹಿಕಿ 2007ರಲ್ಲಿ ಹೊರತಂದ ಪ್ರೋಗ್ರಾಮಿಂಗ್ ಭಾಷೆ. ಲಿಸ್ಪ್ ಎಂಬ ಹಳೆಯ ಭಾಷೆಯ ವಂಶದ್ದಾದ್ದರಿಂದ ಕಣ್ಣು ಹಾಯಿಸಿದಲ್ಲೆಲ್ಲ ಆವರಣ ಚಿಹ್ನೆಗಳೇ. ಓಡುವುದು ಜಾವಾ ಭಾಷೆಯ ಪ್ರೋಗ್ರಾಮುಗಳನ್ನು ಓಡಿಸುವ ಜೆವಿಎಂ ಎಂಬ ವ್ಯವಸ್ಥೆಯ ಮೇಲೆ. ಬೆಂಗಳೂರಿನ ನನ್ನ ಮೊದಲ ಕೆಲಸದಲ್ಲಿ ಇದನ್ನೇ ಕಲಿಯಬೇಕಾಗಿ ಬಂದಾಗ, ನಮ್ಮ ತಂಡದ ಹಿರಿಯರೊಬ್ಬರು ಪುಸ್ತಕ ಗಿಸ್ತಕ ಏನೂ ಕೊಡಲಿಲ್ಲ. "ಫೋರ್‌ಕ್ಲೋಜರ್‌ಗೆ ಹೋಗಮ್ಮ, ಒಂದನೇ ಪ್ರಶ್ನೆಯಿಂದ ಹಿಡಿದುಕೋ" ಎಂದರು, ಅಷ್ಟೇ.

ಒಂದನೇ ಪ್ರಶ್ನೆ ನೋಡಿದರೆ ನಗು ಬರುತ್ತದೆ. ಒಂದು ಸಮಚಿಹ್ನೆ, ಪಕ್ಕದಲ್ಲಿ ಎರಡು ಅಂಡರ್‌ಸ್ಕೋರ್, ಅದರ ಪಕ್ಕ 'ಟ್ರೂ'. ಬಿಟ್ಟ ಸ್ಥಳ ತುಂಬಿರಿ, ಇಡೀ ಸಾಲು ನಿಜವಾಗಬೇಕು. ಎರಡನೆಯದು ಹತ್ತರಿಂದ ಎರಡು ಮೂರಲ ಕಳೆಯುವ ಲೆಕ್ಕ. ಇಪ್ಪತ್ತನ್ನು ದಾಟುವ ಹೊತ್ತಿಗೆ ಆಟ ಬದಲಾಗುತ್ತದೆ: ಪಟ್ಟಿಯೊಂದರ ಇಂತಿಷ್ಟನೇ ಅಂಶ ತೆಗೆಯಿರಿ, ಆದರೆ ಅದಕ್ಕೆಂದೇ ಭಾಷೆಯಲ್ಲಿರುವ 'ಎನ್‌ತ್' ಎಂಬ ಫಂಕ್ಷನ್ (ಸಿದ್ಧ ಆಜ್ಞೆ) ಮುಟ್ಟುವಂತಿಲ್ಲ. ಪಟ್ಟಿಯನ್ನು ತಿರುಗಿಸಿ, ಆದರೆ 'ರಿವರ್ಸ್' ಬಳಸುವಂತಿಲ್ಲ. ಮುಂದೆ ರೋಮನ್ ಅಂಕಿ ಓದುವುದು, ಬರೆಯುವುದು, ಚೌಕಗಳು ನಿಯಮದಂತೆ ಹುಟ್ಟಿ ಸಾಯುವ ಕಾನ್ವೇಯ ಗೇಮ್ ಆಫ್ ಲೈಫ್ ಆಟ, ತನ್ನನ್ನೇ ತಾನು ಮುದ್ರಿಸಿಕೊಳ್ಳುವ ಪ್ರೋಗ್ರಾಮು. ಒಟ್ಟು ನೂರೈವತ್ತಕ್ಕೂ ಹೆಚ್ಚು. ತಮಾಷೆಗೆ ಹಿಡಿದುಕೊಂಡವರು ರಾತ್ರಿ ಊಟ ಮರೆಯುವುದನ್ನು ನೋಡಿದ್ದೇನೆ.

ಒಂದು ಪ್ರಶ್ನೆ ಬಿಡಿಸಿದ ಮೇಲೆ, ನೀವು ಹಿಂಬಾಲಿಸುವವರು ಅದನ್ನೇ ಹೇಗೆ ಬಿಡಿಸಿದ್ದಾರೆ ಎಂದು ನೋಡಬಹುದಿತ್ತು. ಬಿಡಿಸುವ ತನಕ ಅದು ಕಾಣುತ್ತಿರಲಿಲ್ಲ. ನಾನು ಹದಿನೈದು ಸಾಲು ಬೆವರು ಸುರಿಸಿ ಬರೆದದ್ದನ್ನು ಯಾವುದೋ ದೇಶದ ಯಾರೋ ಒಂದು ಸಾಲಿನಲ್ಲಿ ಮುಗಿಸಿರುತ್ತಿದ್ದರು. ಹೊಟ್ಟೆಯುರಿಯೂ ಆಗುತ್ತಿತ್ತು, ಪಾಠವೂ ಆಗುತ್ತಿತ್ತು. ಇನ್ನು ಕೋಡ್ ಗಾಲ್ಫ್ ಎಂಬ ಹುಚ್ಚು ಬೇರೆ: ಖಾಲಿ ಜಾಗ ಬಿಟ್ಟು ಉಳಿದ ಅಕ್ಷರಗಳನ್ನು ಎಣಿಸಿ, ಯಾರದು ಚಿಕ್ಕದೋ ಅವರು ಮೇಲು. ನಮ್ಮ ತಂಡದ ಧಾರವಾಡದ ಗೆಳೆಯ ಗಾಲ್ಫ್ ಅಂದರೆ ಪ್ರಾಣ ಬಿಡುತ್ತಿದ್ದ. ಅವನ ಉತ್ತರ ಓದಿ ಅರ್ಥ ಮಾಡಿಕೊಳ್ಳುವವನು ಇನ್ನೂ ಹುಟ್ಟಿಲ್ಲ.

ಇಷ್ಟನ್ನೆಲ್ಲ ಸುಮಾರು ಒಂದು ದಶಕ ನಡೆಸಿದ್ದು ಕೆಲವೇ ಸ್ವಯಂಸೇವಕರು, ಪುಗಸಟ್ಟೆಯಾಗಿ. ಇಂಥ ಕಡೆಗಳಲ್ಲಿ ಆಗುವಂತೆ ಕೊನೆಕೊನೆಗೆ ಹೊರೆ ಒಬ್ಬರ ಹೆಗಲಿಗೆ ಬಂತು. ಅವರು ಮುಂಚಿತವಾಗಿ ಹೇಳಿಯೇ ನಿಲ್ಲಿಸಿದರು. ಅದಕ್ಕೆ ಅವರ ಮೇಲೆ ಮುನಿಸಿಕೊಂಡವರನ್ನು ಕಂಡರೆ ನನಗೆ ಈಗಲೂ ಆಗುವುದಿಲ್ಲ. ದುಡ್ಡಿನ ರಾಶಿಯ ಮೇಲೆ ಕೂತಿರುವ ಗೂಗಲ್ಲೇ 2014ರ ಸೆಪ್ಟೆಂಬರ್ 30ಕ್ಕೆ ಆರ್ಕುಟ್ ಮುಚ್ಚಿತು, ಅದರೊಂದಿಗೆ ನಮ್ಮ ಎಷ್ಟೋ ಕನ್ನಡ ಕಮ್ಯುನಿಟಿಗಳ ಜಗಳ, ಜೋಕು, ಹಳೇ ಪರಿಚಯ ಎಲ್ಲ ಹೋದವು. 2003ರಲ್ಲಿ ಶುರು ಮಾಡಿದ್ದ ಕೋಡ್ ಜಾಮ್ ಎಂಬ ಪ್ರೋಗ್ರಾಮಿಂಗ್ ಸ್ಪರ್ಧೆಯನ್ನೂ 2023ರಲ್ಲಿ ನಿಲ್ಲಿಸಿತು. ಸಂಬಳವಿಲ್ಲದ ಒಬ್ಬ ಮನುಷ್ಯ ಸಾಕು ಅಂದರೆ ತಪ್ಪೇನು?

"ಸರ್ವರ್ ಬಾಡಿಗಿ ನಾ ಕೊಡ್ತೀನ್ರೀ, ಹಂಗ ನಡಿಸೋಣು" ಎಂದ ಧಾರವಾಡದವನು. ತಾಣದ ಕೋಡು, ಕೋಡು ಹಂಚಿಕೊಳ್ಳುವ ಜಾಗವಾದ ಗಿಟ್‌ಹಬ್ಬಿನಲ್ಲಿ ಎಲ್ಲರಿಗೂ ತೆರೆದೇ ಇತ್ತು. ಹಾಗಾಗಿ ಮೊದಲು ಅದೇ ದಾರಿ ನೋಡಿದೆವು. ಇಳಿಸಿಕೊಂಡು ನಮ್ಮ ಕಂಪ್ಯೂಟರಿನಲ್ಲಿ ಎಬ್ಬಿಸಲು ಕೂತಾಗ ಬಾಡಿಗೆಯದು ಚಿಲ್ಲರೆ ವಿಷಯ ಎಂದು ತಿಳಿಯಿತು. ಹಳೆಯ ಕ್ಲೋಜರ್ ಆವೃತ್ತಿ, ಮಾಂಗೋಡಿಬಿ ಡೇಟಾಬೇಸು, ಯಾರೂ ಕೈಯಾಡಿಸದೆ ವರ್ಷಗಳಾದ ಲೈಬ್ರರಿಗಳು (ಬೇರೆಯವರು ಬರೆದಿಟ್ಟ ಸಿದ್ಧ ಕೋಡು). ಇವೆಲ್ಲ ತಲೆನೋವು, ಆದರೂ ತಾಳ್ಮೆಯಿದ್ದರೆ ಬಗೆಹರಿಯುವಂಥವು. ಬಗೆಹರಿಯದ್ದು ಬೇರೆಯೇ ಇತ್ತು.

ಕೋಡ್ ಅಭ್ಯಾಸದ ತಾಣ ಎಂದರೆ ಏನು ಎಂದು ಒಮ್ಮೆ ಯೋಚಿಸಿ. ಜಗತ್ತಿನ ಯಾರು ಬೇಕಾದರೂ ಬಂದು ತಮ್ಮ ಪ್ರೋಗ್ರಾಮನ್ನು ನಿಮ್ಮ ಯಂತ್ರದಲ್ಲಿ ಓಡಿಸಬಹುದು ಎಂದು ಬಾಗಿಲು ತೆರೆದಿಟ್ಟ ಜಾಗ. ಬಂದವರಲ್ಲಿ ಒಬ್ಬ ಕೊನೆಯಿಲ್ಲದೆ ಸುತ್ತುತ್ತಲೇ ಇರುವ, ಮುಗಿಯದ ಲೂಪ್ ಬರೆಯುತ್ತಾನೆ, ಇನ್ನೊಬ್ಬ ನಿಮ್ಮ ಫೈಲು ತೆರೆಯಲು ನೋಡುತ್ತಾನೆ. ಇದನ್ನು ತಡೆಯಲು ಅಲ್ಲಿ ಕ್ಲೋಜೇಲ್ ಎಂಬ ಲೈಬ್ರರಿ ಇತ್ತು. ಬಳಸಬಾರದ್ದನ್ನು ಬಳಸಿದರೆ "ಯೂ ಟ್ರಿಪ್ಡ್ ದಿ ಅಲಾರ್ಮ್!" ಎಂದು ಕಿರುಚಿ, ಇಂಥದ್ದು ಕೆಟ್ಟದ್ದು ಎಂದು ಆ ಫಂಕ್ಷನ್ನಿನ ಹೆಸರು ಹೇಳುತ್ತಿತ್ತು. ಹೊಸಬರು ಪಾಪ, ಒಂದು ಹೆಸರು ಕಟ್ಟಿಕೊಳ್ಳೋಣ ಎಂದು 'ಡೆಫ್' ಬರೆದರೂ ಬೈಸಿಕೊಳ್ಳುತ್ತಿದ್ದರು. ಆ ಕ್ಲೋಜೇಲ್ ನಿಂತಿದ್ದದ್ದು ಜಾವಾದ ಸೆಕ್ಯುರಿಟಿ ಮ್ಯಾನೇಜರ್ ಎಂಬ ಹಳೆಯ ಏರ್ಪಾಡಿನ ಮೇಲೆ. ಅದೇ 2021ರ ಸೆಪ್ಟೆಂಬರಿನಲ್ಲಿ ಬಂದ ಜಾವಾ 17, ಈ ಏರ್ಪಾಡನ್ನು ಮುಂದೆ ತೆಗೆದುಹಾಕುತ್ತೇವೆ ಎಂದು ಗುರುತು ಹಾಕಿತು. ಅಂದರೆ ನಾವು ತಾಣವನ್ನು ಇದ್ದ ಹಾಗೇ ಎಬ್ಬಿಸಿ ನಿಲ್ಲಿಸಿದ್ದರೆ, ಅದರ ಕಾವಲುಗಾರ ಆಗಲೇ ನಿವೃತ್ತಿಯ ಅಂಚಿನಲ್ಲಿದ್ದ. ಹಳೆಯ ಜಾವಾಕ್ಕೇ ಅಂಟಿಕೊಂಡು, ಅದರ ಕಿಂಡಿಗಳನ್ನು ಮುಚ್ಚುತ್ತ, ರಾತ್ರಿ ಸರ್ವರ್ ಬಿದ್ದರೆ ಎದ್ದು ನೋಡುತ್ತ ಕೂರುವವರು ಯಾರು? ಹಿಂದಿನವರು ಬೇಸತ್ತು ಕೆಳಗಿಟ್ಟ ಹೊರೆಯನ್ನೇ ನಾವು ಎತ್ತಿಕೊಂಡರೆ ಇನ್ನು ಕೆಲವು ವರ್ಷಕ್ಕೆ ನಾವೂ ಅದೇ ಸುದ್ದಿ ಹೇಳಬೇಕು. ಧಾರವಾಡದವನೂ ಒಪ್ಪಿದ. "ಬ್ಯಾಡ ಬಿಡ್ರಿ, ನಿದ್ದಿ ಹೋಗೂ ಕೆಲಸ."

ಆಗ ಗುಂಪಿನ ಇನ್ನೊಬ್ಬರು ವೇಬ್ಯಾಕ್ ಮಷೀನ್ ಇದೆಯಲ್ಲ ಎಂದರು. 1996ರಿಂದ ಜಾಲದ ಪುಟಗಳನ್ನು ಕೂಡಿಡುತ್ತ ಬಂದಿರುವ ಇಂಟರ್‌ನೆಟ್ ಆರ್ಕೈವ್‌ನದು ಅದು. ಪುಟದ ವಿಳಾಸ ಕೊಟ್ಟು 'ಈಗ ಉಳಿಸು' ಎಂದರೆ ಉಳಿಸುತ್ತದೆ. ನಮ್ಮ ಮಟ್ಟದಲ್ಲೇ ಮಾಡಬೇಕೆಂದರೆ ವಿಗೆಟ್ ಎಂಬ ಹಳೆಯ ಉಪಕರಣವೂ ಸಾಕು, ಆರ್ಕೈವ್‌ಗಳು ಬಳಸುವ ವಾರ್ಕ್ ಎಂಬ ಕಡತ ರೂಪದಲ್ಲೇ ಬರೆದುಕೊಡುತ್ತದೆ. ಎರಡೂ ಮಾಡಿದೆವು. ಆದರೆ ಹೀಗೆ ಉಳಿಸಿದ ಪುಟ ತೆರೆದು ಉತ್ತರ ತುಂಬಿ 'ರನ್' ಒತ್ತಿದರೆ ಏನೂ ಆಗುವುದಿಲ್ಲ. ಸರ್ವರ್ ಅಂದು ಕೊಟ್ಟ ಪುಟ ಉಳಿದಿದೆ, ಉತ್ತರ ತೂಗಿ ನೋಡುತ್ತಿದ್ದ ಸರ್ವರ್ ಉಳಿದಿಲ್ಲ. ಹೋಟೆಲಿನ ಮೆನು ಬೋರ್ಡಿನ ಫೋಟೊ ತೆಗೆದಿಟ್ಟುಕೊಂಡ ಹಾಗೆ. ಸಾಮಾನ್ಯ ಬ್ಲಾಗಿಗೋ ಪತ್ರಿಕೆಗೋ ಅಷ್ಟೇ ಸಾಕಾಗಬಹುದು. ಅಭ್ಯಾಸದ ತಾಣಕ್ಕೆ ಸಾಲದು.

ನಿಜವಾಗಿ ಬೇಕಾದದ್ದು ಪ್ರಶ್ನೆ, ಮತ್ತು ಆ ಪ್ರಶ್ನೆಯ ಪರೀಕ್ಷೆಗಳು. ಪರೀಕ್ಷೆಗಳು ಅಂದರೆ ಬಿಟ್ಟ ಸ್ಥಳವಿರುವ ಆ ಸಾಲುಗಳು: ಎಲ್ಲವೂ ನಿಜವಾದರೆ ಉತ್ತರ ಸರಿ. ಇವು ಕೈಯಲ್ಲಿದ್ದರೆ ತೂಗುವ ಕೆಲಸ ಎಲ್ಲಿ ಬೇಕಾದರೂ ಮಾಡಬಹುದು. ಪುಣ್ಯಕ್ಕೆ ಫೋರ್‌ಕ್ಲೋಜರ್‌ಗೆ ಒಂದು ಎಪಿಐ, ಅಂದರೆ ಬೇರೆ ಪ್ರೋಗ್ರಾಮುಗಳು ನೇರವಾಗಿ ಮಾಹಿತಿ ಕೇಳಿ ಪಡೆಯುವ ಕಿಂಡಿ, ಇತ್ತು. ಈಮ್ಯಾಕ್ಸ್ ಎಡಿಟರಿನೊಳಗಿಂದಲೇ ಪ್ರಶ್ನೆ ಬಿಡಿಸುವವರು ಅದನ್ನು ಬಳಸುತ್ತಿದ್ದರು. ಪ್ರಶ್ನೆಯ ಸಂಖ್ಯೆ ಕೊಟ್ಟರೆ ಶೀರ್ಷಿಕೆ, ವಿವರಣೆ, ಪರೀಕ್ಷೆಗಳು, ಬಳಸಬಾರದ ಫಂಕ್ಷನ್‌ಗಳ ಪಟ್ಟಿ, ಕಷ್ಟದ ಮಟ್ಟ, ಪ್ರಶ್ನೆ ಬರೆದವರ ಹೆಸರು ಎಲ್ಲ ಜೇಸನ್ ಎಂಬ ಅಚ್ಚುಕಟ್ಟಾದ ಪಠ್ಯ ರೂಪದಲ್ಲಿ ಕೈಗೆ ಬೀಳುತ್ತಿತ್ತು. ಪುಟದ ಎಚ್‌ಟಿಎಂಎಲ್ ಹೆಕ್ಕುವ ಸರ್ಕಸ್ಸೇ ಬೇಡ.

ನಾನು ಆಗ ಸಾಗರದ ಹತ್ತಿರದ ನಮ್ಮ ಮನೆಯಿಂದಲೇ ಆಫೀಸು ಕೆಲಸ ಮಾಡುತ್ತಿದ್ದೆ. ಕೊರೋನಾದ ಎರಡನೇ ಅಲೆ ಮುಗಿದು, ಬೆಂಗಳೂರಿಗೆ ಯಾರೂ ಇನ್ನೂ ವಾಪಸಾಗಿರಲಿಲ್ಲ. ಆ ಮಳೆಯಲ್ಲಿ ಮಲೆನಾಡಿನಲ್ಲಿ ಇಂಟರ್‌ನೆಟ್ಟು ಎಂದರೆ ಹೇಗಿರುತ್ತದೆ ಎಂದು ಇದ್ದವರಿಗೇ ಗೊತ್ತು. ಕರೆಂಟು ಹೋದ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಮಲಗಿ, ಫೋನಿನ ಮೇಲೆ ಅಡ್ಡಗೆರೆ ಬೀಳುತ್ತದೆ. ಹಾಗಾಗಿ ಪ್ರಶ್ನೆಗಳನ್ನು ಇಳಿಸುವ ಸ್ಕ್ರಿಪ್ಟನ್ನು (ಚಿಕ್ಕ ಪ್ರೋಗ್ರಾಮನ್ನು) ಅದಕ್ಕೆ ತಕ್ಕ ಹಾಗೆ ಬರೆದೆ: ಒಂದೊಂದು ಪ್ರಶ್ನೆಯೂ ಬಂದ ಕೂಡಲೇ ಬೇರೆ ಬೇರೆ ಕಡತವಾಗಿ ಡಿಸ್ಕಿಗೆ ಬೀಳಬೇಕು, ಮತ್ತೆ ಓಡಿಸಿದಾಗ ಇರುವುದನ್ನು ಬಿಟ್ಟು ಇಲ್ಲದ್ದನ್ನು ಮಾತ್ರ ಕೇಳಬೇಕು. ಒಂದರ ನಂತರ ಇನ್ನೊಂದು ಕೇಳುವ ನಡುವೆ ಕೆಲವು ಸೆಕೆಂಡು ಬಿಡುವು. ಮುಚ್ಚುವ ಮನೆಗೆ ಎಲ್ಲರೂ ಒಟ್ಟಿಗೆ ನುಗ್ಗಿ, ನಡೆಸುವವರ ಸರ್ವರನ್ನು ಕೊನೇ ವಾರದಲ್ಲಿ ಕೆಡವಬಾರದಲ್ಲ. ನೆಟ್‌ವರ್ಕು ಹೋಗಿ ಬಂದು ಮಾಡುತ್ತಲೇ ಇತ್ತು, ಸ್ಕ್ರಿಪ್ಟು ತನ್ನ ಪಾಡಿಗೆ ತಾನು ಮುಂದುವರಿಯುತ್ತಿತ್ತು. ಸಂಖ್ಯೆಗಳ ನಡುವೆ ಅಲ್ಲಲ್ಲಿ ಖಾಲಿ ಬಿಟ್ಟಿದ್ದವು. ಯಾವತ್ತೋ ತೆಗೆದುಹಾಕಿದ ಪ್ರಶ್ನೆಗಳಿರಬೇಕು ಎಂದುಕೊಂಡು, ಖಾಲಿ ಇದ್ದ ಸಂಖ್ಯೆಗಳನ್ನೂ ಒಂದು ಪಟ್ಟಿ ಮಾಡಿಟ್ಟೆ. ಇಲ್ಲದಿದ್ದರೆ ಮುಂದೆ ನೋಡುವವರಿಗೆ ಇದು ಮೊದಲೇ ಇರಲಿಲ್ಲವೋ ಅಥವಾ ಇವಳು ಕಳೆದಳೋ ಎಂದು ಗೊತ್ತಾಗುವುದಿಲ್ಲ.

ಇಳಿಸಿದ ಮೇಲಿನ ಶುಚಿ ಮಾಡುವ ಕೆಲಸ ಬೇಸರದ್ದು. ವಿವರಣೆಗಳ ತುಂಬ ಎಚ್‌ಟಿಎಂಎಲ್ ಟ್ಯಾಗು, ಪರೀಕ್ಷೆಗಳಲ್ಲಿ ವಿಂಡೋಸ್ ಶೈಲಿಯ ಸಾಲು ಮುರಿತ. ಮೂಲ ಕಡತಗಳನ್ನು ಮುಟ್ಟದೆ ಒಂದು ಕಡೆ ಇಟ್ಟು, ಶುಚಿ ಮಾಡಿದ ಪ್ರತಿಯನ್ನು ಬೇರೆ ಮಾಡಿದೆವು. ಪ್ರಶ್ನೆ ಬರೆದವರ ಹೆಸರುಗಳನ್ನು ಮಾತ್ರ ಎಲ್ಲೂ ತೆಗೆಯಲಿಲ್ಲ, ಅದು ಅವರ ಹಕ್ಕು.

ಇಷ್ಟರಲ್ಲಿ ಬೇರೆಯವರೂ ಸುಮ್ಮನೆ ಕೂತಿರಲಿಲ್ಲ. ಫೋರ್‌ಎವರ್‌ಕ್ಲೋಜರ್ ಎಂಬ ಹೊಸ ತಾಣ ಎದ್ದಿತ್ತು. ಅದರ ಉಪಾಯ ನೋಡಿ ನಾನು ನಿಜಕ್ಕೂ ತಲೆದೂಗಿದೆ. ಕ್ಲೋಜರಿನಲ್ಲೇ ಬರೆದ, ಕೋಡನ್ನು ಓದಿ ಓಡಿಸುವ ಎಸ್‌ಸಿಐ ಎಂಬ ಪುಟ್ಟ ಇಂಟರ್‌ಪ್ರಿಟರ್ ಇದೆ, ಅದನ್ನು ಬ್ರೌಸರಿನೊಳಗೇ ಕೂರಿಸಬಹುದು. ಉತ್ತರ ಬರೆದವರ ಬ್ರೌಸರಿನಲ್ಲೇ ಅದು ಓಡುತ್ತದೆ. ಮುಗಿಯದ ಲೂಪ್ ಬರೆದರೆ ಬರೆದವರ ಟ್ಯಾಬೇ ಹ್ಯಾಂಗ್ ಆಗುತ್ತದೆ, ಬೇರೆ ಯಾರಿಗೂ ತೊಂದರೆಯಿಲ್ಲ. ಕಾವಲುಗಾರ ಬೇಡ, ಡೇಟಾಬೇಸು ಬೇಡ, ರಾತ್ರಿ ಎದ್ದು ನೋಡುವವರು ಬೇಡ. ಕೆಲವು ಸ್ಥಿರ ಕಡತಗಳನ್ನು ಎಲ್ಲೋ ಇಟ್ಟರೆ ಮುಗಿಯಿತು. ತಾಣ ಉಳಿಸುವುದು ಎಂದರೆ ಅದನ್ನು ಯಾರೂ ನೋಡಿಕೊಳ್ಳಬೇಕಿಲ್ಲದಷ್ಟು ಹಗುರ ಮಾಡುವುದು ಎಂದು ನನಗೆ ಮನವರಿಕೆಯಾದದ್ದು ಇಲ್ಲಿ.

ಆದರೆ ಈ ಹಗುರಕ್ಕೂ ಬೆಲೆಯಿದೆ. ಬ್ರೌಸರಿನಲ್ಲಿ ಇರುವುದು ಜಾವಾಸ್ಕ್ರಿಪ್ಟು ಎಂಬ ಬೇರೆಯೇ ಭಾಷೆ, ಜೆವಿಎಂ ಅಲ್ಲ. ನೂರನೇ ಪ್ರಶ್ನೆ ತೆಗೆದುಕೊಳ್ಳಿ: ಲಘುತ್ತಮ ಸಾಮಾನ್ಯ ಅಪವರ್ತ್ಯ, ನಮ್ಮ ಶಾಲೆಯ ಲಸಾಅ. ಪರೀಕ್ಷೆಯಲ್ಲಿ 3/4 ಮತ್ತು 1/6ರ ಲಸಾಅ 3/2 ಬರಬೇಕು. ಜೆವಿಎಂ ಮೇಲಿನ ಕ್ಲೋಜರಿಗೆ ಭಿನ್ನರಾಶಿ ಎಂದರೆ ಭಿನ್ನರಾಶಿಯೇ, ಆರರಲ್ಲೊಂದು ಆರರಲ್ಲೊಂದಾಗಿಯೇ ಉಳಿಯುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಆ ಜಾತಿಯೇ ಇಲ್ಲ. 1/6 ಎಂದರೆ 0.1666 ಎಂದು ಎಲ್ಲೋ ಒಂದು ಕಡೆ ಕತ್ತರಿಸಿದ ದಶಮಾಂಶ, ಅದರಲ್ಲಿ ಶೇಷ ತೆಗೆಯುತ್ತ ಹೋದರೆ ಲೆಕ್ಕ ಹಳ್ಳ ಹಿಡಿಯುತ್ತದೆ.

148ನೆಯದು ಇನ್ನೂ ಮಜಾ. ಒಂದು ಸಂಖ್ಯೆಗಿಂತ ಚಿಕ್ಕವಾದ, ಕೊಟ್ಟ ಎರಡರಲ್ಲಿ ಯಾವುದಾದರೂ ಒಂದರಿಂದ ಭಾಗವಾಗುವ ಸಂಖ್ಯೆಗಳನ್ನೆಲ್ಲ ಕೂಡಬೇಕು. ಪರೀಕ್ಷೆಯೊಂದರಲ್ಲಿ ಮಿತಿ ಹತ್ತು ಸಾವಿರ ಗುಣಿಲೆ ಹತ್ತು ಸಾವಿರ ಗುಣಿಲೆ ಹತ್ತು ಸಾವಿರ, ಭಾಜಕಗಳು 7 ಮತ್ತು 11. ಉತ್ತರ 110389610389889610389610. ಒಂದೊಂದಾಗಿ ಕೂಡುತ್ತ ಕೂತರೆ ಮುಗಿಯದು, ಸೂತ್ರ ಹುಡುಕಲೇಬೇಕು, ಪ್ರಶ್ನೆಯ ಜೀವ ಇರುವುದೇ ಅಲ್ಲಿ. ಸೂತ್ರ ಸಿಕ್ಕಿತು ಎನ್ನಿ. ಜಾವಾಸ್ಕ್ರಿಪ್ಟಿನ ಸಾಮಾನ್ಯ ಸಂಖ್ಯೆಗಳು ಪೂರ್ಣಾಂಕವನ್ನು ನಂಬಿಕೆಯಿಂದ ಹಿಡಿಯುವುದು 9007199254740991ರವರೆಗೆ ಮಾತ್ರ. ಈ ಉತ್ತರಕ್ಕೆ ಇಪ್ಪತ್ನಾಲ್ಕು ಅಂಕಿ. ನಿಮ್ಮ ತರ್ಕ ಸರಿಯಿದ್ದೂ ಕೊನೆಯ ಅಂಕಿಗಳು ತಪ್ಪುತ್ತವೆ. 126ನೆಯದಂತೂ ತನ್ನ ಕ್ಲಾಸ್ (ಜಾವಾದಲ್ಲಿ ವಸ್ತುವಿನ ಜಾತಿ) ತಾನೇ ಆಗಿರುವಂಥದ್ದು ಯಾವುದು ಎಂದು ಕೇಳುವ ಚೇಷ್ಟೆ. ಅದರ ಹಾಸ್ಯವೆಲ್ಲ ಜಾವಾದ ಹೊಟ್ಟೆಯೊಳಗಿದೆ. ಜಾವಾ ಇಲ್ಲದೆಡೆ ಅದು ಪ್ರಶ್ನೆಯೇ ಅಲ್ಲ. ಬ್ರೌಸರಿಗೆ ಒಯ್ಯುವವರು ಇಂಥವನ್ನು ತಿದ್ದಬೇಕು, ಇಲ್ಲವೇ ಕೈಬಿಡಬೇಕು.

ನಮ್ಮ ಅಗತ್ಯ ಸಣ್ಣದು. ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದ ಚಿಕ್ಕಮ್ಮನ ಮಗಳು ಕಾಲೇಜು ಮುಚ್ಚಿ ನಮ್ಮೂರಿಗೇ ಬಂದಿದ್ದಳು. ಆಫೀಸಿನ ಇಬ್ಬರು ಹೊಸಬರಿದ್ದರು. ಅವರಿಗೆ ಪ್ರಶ್ನೆಗಳು ಇದ್ದ ಹಾಗೇ ಸಿಗಬೇಕಿತ್ತು, ನೆಟ್‌ವರ್ಕು ಇಲ್ಲದಾಗಲೂ. ಅವರವರ ಕೋಡು ಅವರವರ ಲ್ಯಾಪ್‌ಟಾಪಿನಲ್ಲೇ ಓಡುವುದಾದರೆ ಕಾವಲಿನ ಪ್ರಶ್ನೆಯೇ ಬರುವುದಿಲ್ಲ. ಹಾಗಾಗಿ ನಮ್ಮ ಪ್ರತಿ ತಾಣವಾಗಲಿಲ್ಲ, ಒಂದು ಫೋಲ್ಡರ್ ಆಯಿತು. ಪ್ರಶ್ನೆಗೊಂದು ಕಡತ, ಜೊತೆಗೆ ಒಂದು ಚಿಕ್ಕ ಪ್ರೋಗ್ರಾಮು. ಅದು ಉತ್ತರವನ್ನು ಓದಿ, ಬಳಸಬಾರದ ಹೆಸರುಗಳು ಒಳಗೆಲ್ಲಾದರೂ ಅಡಗಿವೆಯೇ ಎಂದು ಆವರಣದೊಳಗಿನ ಆವರಣವನ್ನೆಲ್ಲ ಜಾಲಾಡಿ, ಅಂಡರ್‌ಸ್ಕೋರಿನ ಜಾಗಕ್ಕೆ ಕೂರಿಸಿ ಪರೀಕ್ಷೆ ಓಡಿಸುತ್ತದೆ. ಲಿಸ್ಪ್ ವಂಶದ ಭಾಷೆಯಲ್ಲಿ ಪ್ರೋಗ್ರಾಮೇ ಒಂದು ಪಟ್ಟಿಯಾದ್ದರಿಂದ ಈ ಜಾಲಾಟ ಕೆಲವೇ ಸಾಲಿನಲ್ಲಿ ಮುಗಿಯಿತು. ಪೆನ್‌ಡ್ರೈವ್‌ನಲ್ಲಿ ಹಾಕಿಕೊಟ್ಟೆ.

"ಅಕ್ಕಾ, ಕರೆಂಟು ಹೋದ್ರೂ ಓಡ್ತದಲ್ಲ ಇದು!" ಎಂದು ತಂಗಿ ಖುಷಿಪಟ್ಟಳು. ಲ್ಯಾಪ್‌ಟಾಪಿನ ಬ್ಯಾಟರಿ ಇರುವ ತನಕ ಎಂದು ಸೇರಿಸಬೇಕಾಯಿತು. ಆದರೆ ಇಪ್ಪತ್ತನ್ನು ದಾಟುವ ಹೊತ್ತಿಗೆ ಅವಳ ಉತ್ಸಾಹ ಇಳಿಯಿತು. ಬಿಡಿಸಿದ ಮೇಲೆ ಏನು? ಬೇರೆಯವರು ಹೇಗೆ ಮಾಡಿದರು ಎಂದು ನೋಡಲು ಏನೂ ಇಲ್ಲ. ಒಬ್ಬಳೇ ಕೂತು ಒಗಟು ಬಿಡಿಸುವುದಕ್ಕೂ ನಾಲ್ಕು ಜನರ ನಡುವೆ ಬಿಡಿಸುವುದಕ್ಕೂ ಇರುವ ವ್ಯತ್ಯಾಸ ಪ್ರಶ್ನೆಯ ಕಡತದಲ್ಲಿ ಬರುವುದಿಲ್ಲ.

ನನ್ನ ಹತ್ತಿರ ಸರಕು ಇತ್ತು. ಮುಚ್ಚುವ ಮುನ್ನ ನನ್ನ ಖಾತೆಯಿಂದ ಲಾಗಿನ್ ಆಗಿ, ನನ್ನ ಉತ್ತರಗಳ ಜೊತೆ ನಾನು ಹಿಂಬಾಲಿಸುತ್ತಿದ್ದವರ ಉತ್ತರಗಳನ್ನೂ ಉಳಿಸಿಕೊಂಡಿದ್ದೆ. ನಾನು ನೋಡಬಹುದಾದದ್ದನ್ನು ನಾನು ಇಟ್ಟುಕೊಳ್ಳುವುದು ಬೇರೆ, ಹಂಚುವುದು ಬೇರೆ. ಪ್ರಶ್ನೆ ಬರೆದವರು ಎಲ್ಲರಿಗೂ ಎಂದೇ ಬರೆದರು. ಉತ್ತರ ಬರೆದವರು ಯಾವುದೋ ಮಧ್ಯರಾತ್ರಿ, ತಮ್ಮನ್ನು ಹಿಂಬಾಲಿಸುವ ನಾಲ್ಕು ಮಂದಿ ಮಾತ್ರ ನೋಡುತ್ತಾರೆ ಎಂದುಕೊಂಡು ಬರೆದದ್ದು. ಇಂದು ದೊಡ್ಡ ಹುದ್ದೆಯಲ್ಲಿರುವವರ ಅಂದಿನ ಕಚ್ಚಾ ಕೋಡನ್ನು ಅವರ ಹೆಸರು ಹಾಕಿ ಹಂಚುವುದು ನನಗೆ ಸರಿ ಕಾಣಲಿಲ್ಲ. ಗುಂಪಿನಲ್ಲಿ ಇದಕ್ಕೊಂದು ಸಣ್ಣ ಜಗಳವೇ ಆಯಿತು. ತೆರೆದ ತಾಣದಲ್ಲಿ ಬರೆದದ್ದು ತೆರೆದದ್ದೇ ಎಂದು ಕೆಲವರು, ಹೆಸರು ಅಳಿಸಿದರೆ ಸಾಕು ಎಂದು ಕೆಲವರು. ಗಾಲ್ಫ್ ಆಡುವವರ ಶೈಲಿ ಹೆಸರಿಲ್ಲದೆಯೂ ಗೊತ್ತಾಗುತ್ತದೆ ಎಂದು ನಾನು. ಕೊನೆಗೆ ಗುರುತಿದ್ದವರಿಗೆಲ್ಲ ಒಂದೊಂದು ಮೇಲ್ ಬರೆದು ಕೇಳುವುದು, ಹೂಂ ಅಂದವರದ್ದು ಮಾತ್ರ ಸೇರಿಸುವುದು ಎಂದಾಯಿತು.

ಹೆಚ್ಚಿನವರು ಹೂಂ ಅಂದರು. ನನ್ನನ್ನು ಒಂದನೇ ಪ್ರಶ್ನೆಗೆ ಕಳಿಸಿದ್ದ ಆ ಹಿರಿಯರು ಮಾತ್ರ "ನನ್ನದು ಬೇಡಮ್ಮ, ಓದಿದರೆ ನಾಚಿಕೆಯಾಗುತ್ತದೆ" ಎಂದು ಬರೆದರು. ತೆಗೆದೆ. ಕೆಲವರಿಂದ ಉತ್ತರವೇ ಬರಲಿಲ್ಲ, ಅವರದ್ದೂ ಸೇರಿಸಲಿಲ್ಲ. ಧಾರವಾಡದವನು ತನ್ನದನ್ನು ಉಳಿಸಿಕೊಂಡೇ ಇರಲಿಲ್ಲವಂತೆ. ಹೂಂ ಅನ್ನುವ ಬದಲು "ಮೊದಲ ನನಗ ಕಳಸ್ರಿ" ಎಂದ. ಅವನ ಕಡತಗಳನ್ನೆಲ್ಲ ಕಟ್ಟಿ ಕಳಿಸಿದೆ. ಒಪ್ಪಿಗೆ ಬರಲು ತಡವಾಯಿತು. ಬಂದ ಮೇಲ್‌ನಲ್ಲಿ ಹಳೆಯವನ್ನು ಹಾಕಬೇಡಿ ಎಂದಿತ್ತು, ಕೆಳಗೆ ರೋಮನ್ ಅಂಕಿಯ ಪ್ರಶ್ನೆಗೆ ಇನ್ನೂ ಕೆಲವು ಅಕ್ಷರ ಇಳಿಸಿದ ಹೊಸ ಉತ್ತರ ಅಂಟಿಸಿದ್ದ. ತಂಗಿ ಅದನ್ನು ಬಿಡಿಸಿ ನೋಡುತ್ತೇನೆಂದು ಹಾಳೆಯ ಮೇಲೆ ಬರೆದುಕೊಂಡು ಕೂತಳು. ಅರ್ಥವಾಗದೆ ಅವನ ನಂಬರು ಕೇಳಿದಳು. ಕೊಟ್ಟೆ.